ಬೀಬಮ್ಮನ ಕೈಗುಣ

೨೦೨೨ರ ಆರಂಭದಲ್ಲಿ ನಾನು ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗಿದ್ದ ಒಂದು ಸಣ್ಣ ಖಾಸಗಿ ಡೈರಿಯಲ್ಲಿ ಪ್ರಾಡಕ್ಟ್ ಅಸಿಸ್ಟೆಂಟ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ. ಹೊಸ ತಿನಿಸು ತಯಾರಾದಾಗ ಅದರ ರುಚಿ, ಹುಳಿ, ಗಟ್ಟಿತನ ನೋಡುವುದು. ಲೇಬಲ್ಲಿನ ಮೇಲೆ ಬರೆಯುವ ಪೋಷಕಾಂಶಗಳನ್ನು ತಾಳೆ ನೋಡುವುದು. ವಾರಕ್ಕೆರಡು ದಿನ ಡೈರಿಯ ವ್ಯಾನಿನಲ್ಲಿ ಹೋಗಿ, ಜನ ನಮ್ಮ ಸರಕನ್ನು ಮನೆಯಲ್ಲಿ ಹೇಗೆ ತಿನ್ನುತ್ತಿದ್ದಾರೆ ಎಂದು ಕೇಳಿಕೊಂಡು ಬರುವುದು. ಮಂಗಳವಾರ ಚನ್ನಪಟ್ಟಣದ ಕಡೆ, ಶುಕ್ರವಾರ ಕನಕಪುರ, ಸಾತನೂರಿನ ಕಡೆ, ಯಾವಾಗಲಾದರೂ ಒಮ್ಮೆ ಮಾಗಡಿ. ಗೃಹವಿಜ್ಞಾನ ಓದಿದ ನನಗೆ ಇದು ಹೇಳಿ ಮಾಡಿಸಿದ ಕೆಲಸವಾಗಿತ್ತು. ಬೇರೆಯವರ ಅಡುಗೆಮನೆಯಲ್ಲಿ ಕೂತು ನಿಧಾನಕ್ಕೆ ಮಾತಾಡುವುದಕ್ಕೆ ಸಂಬಳ ಕೊಡುವ ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ?

ಆ ವರ್ಷ ನಮ್ಮ ಡೈರಿ ಮಕ್ಕಳಿಗಾಗಿಯೇ ಸಿಹಿ ಮೊಸರಿನ ಒಂದು ಸಣ್ಣ ಕಪ್ಪು ತಂದಿತು. ಎಂಬತ್ತು ಗ್ರಾಂ, ಸ್ಟ್ರಾಬೆರಿ ಮತ್ತು ಮಾವು ಎರಡು ಬಗೆ. ಮುಚ್ಚಳದ ಮೇಲೆ ತಲೆಗೆ ರುಮಾಲು ಸುತ್ತಿಕೊಂಡ ಒಂದು ಕರುವಿನ ಚಿತ್ರ. ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ಪ್ರವೀಣ್ ಅನ್ನುವ ಹುಡುಗ ಅದಕ್ಕೆ ‘ಕಿಡ್ಸ್ ಯೋಗರ್ಟ್’ ಎಂದು ಹೆಸರಿಟ್ಟಿದ್ದ. ಮೀಟಿಂಗಿನಲ್ಲಿ ನಮ್ಮ ಯಜಮಾನರು, ಅಂದರೆ ಡೈರಿಯ ಮಾಲೀಕರು, ಆ ಪದವನ್ನು ಎರಡು ಸಲ ಬಾಯಲ್ಲಿ ತಿರುಗಿಸಿ ನೋಡಿ, "ನಮ್ಮ ಕಡೆ ತಾಯಂದಿರು ಇದನ್ನ ಅಂಗಡೀಲಿ ಕೇಳೋಕೇ ನಾಚ್ಕೋತಾರೆ. ಮೊಸರು ಅಂತ ಬರೀರಪ್ಪ" ಅಂದರು. ಹೀಗೆ ಅದು ‘ಪುಟ್ಟು ಮೊಸರು’ ಆಯಿತು. ನನಗೂ ಅದು ಸರಿಯೆಂದೇ ಕಂಡಿತು. ಮೊಸರು ಅಂದರೆ ನಮ್ಮಲ್ಲಿ ಊಟ ಮುಗಿಸುವ ತುತ್ತು, ಜ್ವರ ಬಿಟ್ಟ ಮಗುವಿಗೆ ಕೊಡುವ ಮೊದಲ ಅನ್ನ. ಆ ಪದ ಇದ್ದ ಡಬ್ಬಿಯನ್ನು ಯಾವ ತಾಯಿಯೂ ಅನುಮಾನದಿಂದ ನೋಡುವುದಿಲ್ಲ.

ಆದರೆ ಡಬ್ಬಿಯ ಒಳಗಿನದು ಮನೆಯ ಮೊಸರಿಗಿಂತ ಎರಡು ರೀತಿಯಲ್ಲಿ ಬೇರೆ. ಒಂದು, ಸಕ್ಕರೆ. ಪ್ರತಿ ಕಪ್ಪಿಗೂ ಹೊರಗಿನಿಂದ ಹಾಕಿದ್ದು ಎರಡೂವರೆ ಟೀ ಚಮಚದಷ್ಟಿತ್ತು. ಅಷ್ಟು ಸಣ್ಣ ಕಪ್ಪಿಗೆ ಅದು ಹೆಚ್ಚು ಎಂದು ನಾನು ಟಿಪ್ಪಣಿ ಬರೆದು ಕೊಟ್ಟಿದ್ದೆ. ಇನ್ನೊಂದು, ಥರ್ಮೈಸೇಶನ್. ಮೊಸರು ಜೀವ ಇರುವ ಪದಾರ್ಥ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾ ಅದರೊಳಗೆ ಬದುಕಿರುತ್ತವೆ. ಅದಕ್ಕೇ ಒಂದು ಚಮಚ ಮೊಸರು ಹಾಕಿದರೆ ಒಂದು ಪಾತ್ರೆ ಹಾಲು ಹೆಪ್ಪಾಗುತ್ತದೆ. ಸಿದ್ಧವಾದ ಮೊಸರನ್ನು ಮತ್ತೆ ಬಿಸಿ ಮಾಡಿದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಮೊಸರು ಹೆಚ್ಚು ದಿನ ಹುಳಿಯಾಗದೆ ಉಳಿಯುತ್ತದೆ. ಇದೇ ಥರ್ಮೈಸೇಶನ್. ಸಾತನೂರಿನಿಂದಾಚೆ ಅಂಗಡಿಗಳಲ್ಲಿ ಕರೆಂಟನ್ನು ನಂಬುವ ಹಾಗಿರಲಿಲ್ಲ, ಫ್ರಿಜ್ಜನ್ನೂ ನಂಬುವ ಹಾಗಿರಲಿಲ್ಲ. ಹಾಗಾಗಿ ಮಾಡಿದ್ದು ಮೋಸವೇನಲ್ಲ, ವ್ಯಾಪಾರದ ಅನುಕೂಲ. ಡಬ್ಬಿಯ ತಳದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ಬರೆದೂ ಇತ್ತು. ಮೊಸರು ಅನ್ನುವ ಪದ ಮಾತ್ರ ಮೇಲಿತ್ತು, ದಪ್ಪಗೆ, ಕನ್ನಡದಲ್ಲಿ.

ಮಾರಾಟ ಹೆಚ್ಚಿಸಲು ಪ್ರವೀಣ್ ಒಂದು ಸ್ಕೀಮ್ ತಂದ. ಆರು ಕಪ್ಪಿನ ಪ್ಯಾಕ್ ಕೊಂಡರೆ ಚನ್ನಪಟ್ಟಣದ ಬಣ್ಣದ ಬುಗುರಿ ಉಚಿತ. ಬೆರಳಲ್ಲಿ ತಿರುವಿ ಬಿಡುವ ಪುಟ್ಟ ಬುಗುರಿ. ಅದು ಮಗುವಿನ ಬಾಯೊಳಗೆ ಹೋಗದಷ್ಟು ದಪ್ಪ ಇರಬೇಕು ಎಂದು ನಾವು ಅರ್ಧ ದಿನ ಚರ್ಚೆ ಮಾಡಿದೆವು. ಬುಗುರಿಯ ಸುತ್ತಳತೆಗೆ ಕೊಟ್ಟಷ್ಟು ಹೊತ್ತನ್ನು ಕಪ್ಪಿನ ಸಕ್ಕರೆಗೆ ಕೊಡಲಿಲ್ಲ ಅನ್ನುವುದು ಈಗ ಹೊಳೆಯುತ್ತದೆ.

ಬುಗುರಿಯ ಆರ್ಡರ್ ಸಿಕ್ಕಿದ್ದು ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ನಯಾಜ್ ಅವರಿಗೆ. ಮೂವತ್ತು ದಾಟಿದ ವಯಸ್ಸು, ಕಡಿಮೆ ಮಾತು. ಕೊರೊನಾದ ಎರಡು ವರ್ಷ ಮರ ಕಡೆಯುವ ಅವರ ಲೇತು ಹೆಚ್ಚೂ ಕಡಿಮೆ ನಿಂತೇ ಇತ್ತು. ನಮ್ಮ ಆರ್ಡರ್ ಬಂದ ಮೇಲೆ ಬೆಳಗಿನಿಂದ ಸಂಜೆಯವರೆಗೆ ತಿರುಗಲು ಶುರುವಾಯಿತು. ಹಾಲೆ ಮರದ ತುಂಡು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ಆಕಾರ ತೆಗೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ; ಮೇಲೆ ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯ ಹೊಳಪು. ಈ ಕೆಲಸ ಬಿಡುವಿಲ್ಲದೆ ನಡೆಯಲೆಂದು ಅವರು, ತಮ್ಮ ಹತ್ತಿರ ವರ್ಷಗಳಿಂದ ಗೊಂಬೆ ತೆಗೆದುಕೊಳ್ಳುತ್ತಿದ್ದ ಬೆಂಗಳೂರಿನ ಅಂಗಡಿಯವರಿಗೆ ಈ ವರ್ಷ ಆಗುವುದಿಲ್ಲ ಎಂದುಬಿಟ್ಟಿದ್ದರು.

ಮುಂದಿನ ಕೋಣೆಯಲ್ಲಿ ಲೇತು, ಹಿಂದೆ ಅಡುಗೆಮನೆ. ಹೆಂಡತಿ ಶಬಾನಾ ರೇಷ್ಮೆ ನೂಲು ತೆಗೆಯುವ ಘಟಕಕ್ಕೆ ಬೆಳಗ್ಗೆಯೇ ಹೋಗುತ್ತಿದ್ದಳು. ಎರಡೂವರೆ ವರ್ಷದ ಮಗಳು ಜೋಯಾಳನ್ನು ನೋಡಿಕೊಳ್ಳುತ್ತಿದ್ದವರು ನಯಾಜ್ ಅವರ ತಾಯಿ ಬೀಬಮ್ಮ. ಕಣ್ಣು ಸ್ವಲ್ಪ ಮಂಜು, ನಾಲಿಗೆ ಬಹಳ ಚುರುಕು. ನಾನು ಮೊದಲ ಸಲ ಹೋದಾಗ ನನ್ನ ಐಡಿ ಕಾರ್ಡನ್ನು ಮುಟ್ಟಿ ನೋಡಿ, "ಕುತ್ಗೆಗೆ ತಾಳಿ ಜೊತೆ ಇದನ್ಯಾಕಮ್ಮ ನೇತಾಕ್ಕೊಂಡಿದ್ದೀಯ, ಕಳ್ದೋಗ್ತೀಯಾ ಅಂತಲಾ?" ಎಂದು ಕೇಳಿದವರು. ಆಮೇಲೆ ನನ್ನ ಹೆಸರು ಅವರ ಬಾಯಲ್ಲಿ ಜಯಮ್ಮ ಆಯಿತು.

ಆ ಗಲ್ಲಿಯಲ್ಲಿ ಬೀಬಮ್ಮನ ಮೊಸರಿಗೆ ಹೆಸರಿತ್ತು. ಹೆಪ್ಪು ಕೆಟ್ಟುಹೋದ ಮನೆಯವರು ಬಟ್ಟಲು ಹಿಡಿದುಕೊಂಡು ಅವರ ಬಾಗಿಲಿಗೇ ಬರುತ್ತಿದ್ದರು. ಹಿಂದೂಗಳ ಮನೆಯವರಾದರೆ, "ದೀಪ ಅಚ್ಚೋಕ್ ಮುಂಚೆ ತಕ್ಕೊಂಡೋಗ್ರವ್ವ, ಆಮೇಲೆ ಈಸ್ಕೊಳಲ್ಲ ನೀವು" ಎಂದು ತಾವೇ ನೆನಪಿಸುತ್ತಿದ್ದರು. ಅವರ ಮೊಸರಿನ ಪಾತ್ರೆಗೆ ಒಂದೇ ಜಾಗ: ಅಡುಗೆಮನೆಯ ಹಿಂದಿನ ಮೂಲೆಯಲ್ಲಿ, ನಾಲ್ಕು ಮಡಿಕೆ ಗೋಣಿಯ ಮೇಲೆ. ಲೇತು ತಿರುಗಿದರೆ ನೆಲವೆಲ್ಲ ನಡುಗುತ್ತಿತ್ತು. ಹೆಪ್ಪು ಹಾಕಿದ ಹಾಲು ಅಲುಗಾಡಿದರೆ ಒಡೆದು ನೀರು ಬಿಡುತ್ತದೆ. "ಮಗ ಅಲ್ಲಾಡುಸ್ತಾನೆ, ನಾನು ಕಾಪಾಡ್ತೀನಿ" ಅನ್ನುತ್ತಿದ್ದರು.

ಬುಗುರಿಯ ಚೀಲ ತರಲು ಹೋಗುವ ವ್ಯಾನಿನಲ್ಲಿ ಡೈರಿಯವರು ಒಂದು ಪೆಟ್ಟಿಗೆ ಕಪ್ಪು ಹಾಕಿ ಕಳಿಸುತ್ತಿದ್ದರು. ಲೇಬಲ್ ಸೊಟ್ಟಗೆ ಅಂಟಿದ್ದು, ಮುಚ್ಚಳ ಸುಕ್ಕಾಗಿದ್ದು. ಒಳಗಿನದು ಚೆನ್ನಾಗಿಯೇ ಇರುತ್ತಿತ್ತು. ಪ್ರೀತಿಯಿಂದ ಕೊಟ್ಟದ್ದು. ಅವರ ಮನೆಯಲ್ಲಿ ಪುಟ್ಟು ಮೊಸರಿಗೆ ಕೊರತೆಯೇ ಇರಲಿಲ್ಲ. ತಮ್ಮ ಬುಗುರಿ ಯಾವ ಡಬ್ಬಿಯ ಜೊತೆ ಹೋಗುತ್ತದೋ ಅದೇ ಡಬ್ಬಿಯನ್ನು ಮಗಳು ತಿನ್ನುವುದು ನಯಾಜ್ ಅವರಿಗೆ ಹೆಮ್ಮೆಯಾಗಿತ್ತು. ಒಂದು ಸಲ ನಗುತ್ತಾ ಆ ಮಾತನ್ನು ಹೇಳಿಯೂ ಇದ್ದರು.

ಬೇಸಿಗೆ ಮುಗಿಯುತ್ತಿದ್ದ ಹೊತ್ತಿನಲ್ಲಿ ಒಂದು ಮಂಗಳವಾರ ಹೋದಾಗ ಜೋಯಾ ಗೋಡೆಗೆ ಒರಗಿ ಕೂತಿದ್ದಳು. ಮೊದಲೆಲ್ಲ ನನ್ನ ಚೀಲ ಹಿಡಿದು ಎಳೆಯುತ್ತಿದ್ದ ಮಗು. ಈಗ ಬುಗುರಿ ಅವಳ ಮುಂದೆ ಬಿದ್ದಿತ್ತು, ತಿರುವುವ ಮನಸ್ಸಿರಲಿಲ್ಲ. ತುಟಿ, ಉಗುರು ಬೆಳ್ಳಗಿದ್ದವು. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದೆ, ಅಲ್ಲಿಯೂ ಕೆಂಪಿರಲಿಲ್ಲ. ಡಾಕ್ಟರಿಗೆ ತೋರಿಸಿಯಾಗಿತ್ತು. ರಕ್ತ ಕಡಿಮೆಯಿದೆ ಎಂದು ಕಬ್ಬಿಣಾಂಶದ ಸಿರಪ್ ಕೊಟ್ಟಿದ್ದರಂತೆ. ಮಗು ಏನು ತಿನ್ನುತ್ತದೆ ಎಂದು ಅವರು ಕೇಳಿದ್ದಕ್ಕೆ ಶಬಾನಾ, ಬೇರೇನೂ ಮುಟ್ಟಲ್ಲ, ಮೊಸರು ಮಾತ್ರ ಚೆನ್ನಾಗಿ ತಿಂತಾಳೆ ಎಂದಳಂತೆ. ಮೊಸರು ಒಳ್ಳೆಯದೇ, ತಿನ್ನಲಿ ಎಂದರಂತೆ ಡಾಕ್ಟರು. ಅವರದು ತಪ್ಪೆನ್ನಲಾರೆ. ಆ ಪದ ಕೇಳಿದ ಯಾರ ಕಣ್ಣ ಮುಂದೆಯೂ ಬರುವುದು ಮನೆಯ ಪಾತ್ರೆಯೇ.

ನಾನು ನೆಲದ ಮೇಲೆ ಕೂತು ಬೀಬಮ್ಮನ ಹತ್ತಿರ ಡಯೆಟ್ ರೀಕಾಲ್ ಮಾಡಿದೆ. ನಿನ್ನೆ ಎದ್ದಾಗಿನಿಂದ ಇವತ್ತು ಎದ್ದ ತನಕ ಮಗು ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಒಂದೊಂದಾಗಿ ನೆನಪಿಸುವ ಕ್ರಮ ಅದು. ಅವಸರ ಮಾಡಬಾರದು. ಬೈಯಬಾರದು, ಆಶ್ಚರ್ಯ ಪಡಬಾರದು. ಪಟ್ಟರೆ ಜನ ಮುಂದಿನದನ್ನು ಮುಚ್ಚಿಡುತ್ತಾರೆ. ಬೆಳಗ್ಗೆ ಹಾಲು. ಒಂದು ಕಪ್ಪು. ಬಿಸ್ಕತ್ತು. ಇನ್ನೊಂದು ಕಪ್ಪು. ಮಧ್ಯಾಹ್ನ ಎರಡು ತುತ್ತು ಅನ್ನ, ಉಗಿದದ್ದು. ಕಪ್ಪು. ಸಂಜೆ ಕಪ್ಪು, ರಾತ್ರಿ ಹಾಲು. ಹಾಲಿನ ಪದಾರ್ಥಗಳಲ್ಲಿ ಕ್ಯಾಲ್ಸಿಯಂ ಇದೆ, ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಸಿಹಿಯಿಂದ ಹೊಟ್ಟೆ ತುಂಬಿದ ಮಗುವಿಗೆ ಸೊಪ್ಪು, ಕಾಳು, ಮೊಟ್ಟೆ, ರಾಗಿ ಯಾವುದಕ್ಕೂ ಹಸಿವಿರುವುದಿಲ್ಲ. ಸಿರಪ್ ಒಂದೇ ಎಷ್ಟು ಎಳೆದೀತು?

"ನೀವು ಹಾಕೋ ಮೊಸರಲ್ಲಿ ಒಂದು ತುತ್ತು ಕಲಸಿ ಕೊಡಬಹುದಲ್ಲ ಬೀಬಮ್ಮ, ಅದನ್ನೂ ತಿನ್ನಲ್ವಾ?" ಎಂದು ಕೇಳಿದೆ.

ಅವರು ಮುಖ ಆ ಕಡೆ ತಿರುಗಿಸಿದರು. ನೋಡಿದರೆ ಮೂಲೆಯ ಗೋಣಿ ಖಾಲಿ. ಪಾತ್ರೆ ಬೋರಲು ಹಾಕಿತ್ತು.

ಆಮೇಲೆ ತಿಳಿದದ್ದು ಇದು. ಮನೆಯವರೆಲ್ಲ ಕನಕಪುರದಲ್ಲಿ ನೆಂಟರ ಮದುವೆಗೆ ಹೋಗಿ ಕೆಲವು ದಿನ ಉಳಿದುಕೊಂಡಿದ್ದರಂತೆ. ಬರುವಷ್ಟರಲ್ಲಿ ಮನೆಯ ಮೊಸರು ಕೆಟ್ಟು ಹೆಪ್ಪು ಇಲ್ಲವಾಗಿತ್ತು. ಪಕ್ಕದ ಮನೆಯಲ್ಲಿ ಕೇಳಬಹುದಿತ್ತು. ಇಡೀ ಗಲ್ಲಿಗೆ ಹೆಪ್ಪು ಕೊಟ್ಟ ಕೈ, ಕೇಳುವುದು ಹೇಗೆ? ಅದೂ ಮನೆಯಲ್ಲಿ ಪೆಟ್ಟಿಗೆಗಟ್ಟಲೆ ಮೊಸರು ಇಟ್ಟುಕೊಂಡು? ಒಂದು ಡಬ್ಬಿ ಒಡೆದು ಉಗುರುಬೆಚ್ಚಗಿನ ಹಾಲಿಗೆ ಹಾಕಿದರು.

"ಮೂರು ದಪ ಹಾಕ್ದೆ ಕಣಮ್ಮ" ಅಂದರು ಬೀಬಮ್ಮ. "ಮೂರು ದಪನೂ ಹಾಲು ಹಾಲಂಗೇ ಕುಂತಿತ್ತು. ಬಣ್ಣ ಮಾತ್ರ ಗುಲಾಬಿ. ನನ್ ಕೈಗುಣ ಓಗ್ಬುಡ್ತು, ಇನ್ನೇನೈತೆ. ಅವತ್ತಿಂದ ಮುಟ್ಟಿಲ್ಲ."

ಹೆಪ್ಪು ಕೇಳಿಕೊಂಡು ಬಂದವರಿಗೆ ಈಗಷ್ಟೇ ಮುಗಿಯಿತು ಎಂದು ಸುಳ್ಳು ಹೇಳುತ್ತಿದ್ದರಂತೆ. ಕೈಗುಣ ಹೋದವಳು ಹಾಕಿದ ಮೊಸರು ಕೂಸಿಗೆ ಒಳ್ಳೆಯದಲ್ಲ ಅಂದುಕೊಂಡು, ಊಟಕ್ಕೂ ಡಬ್ಬಿಯನ್ನೇ ಕೊಡತೊಡಗಿದ್ದರು. ಮಗುವಿನ ಮುಖ ಬಿಳಿಚಿಕೊಂಡದ್ದು ಆ ಬೋರಲು ಹಾಕಿದ ಪಾತ್ರೆಯಿಂದ.

ನನ್ನ ಮುಂದೆ ಎರಡು ದಾರಿ ಇದ್ದವು ಎಂದು ಈಗ ಕಾಣುತ್ತದೆ. ಆವತ್ತು ಒಂದೇ ಕಂಡಿತು. ಎದುರಿಗೆ ಒಬ್ಬ ಮುದುಕಿ ತನ್ನ ಕೈಯನ್ನೇ ನಂಬದೆ ಕೂತಿದ್ದಾಳೆ. ಆ ಕೈಯನ್ನು ಅವಳಿಗೆ ವಾಪಸು ಕೊಡಬೇಕು. ನಾನು ಅವರ ಕೈ ಹಿಡಿದುಕೊಂಡು ಹೇಳಿದೆ: "ನಿಮ್ಮ ಕೈಗುಣಕ್ಕೆ ಏನೂ ಆಗಿಲ್ಲ ಬೀಬಮ್ಮ. ಈ ಡಬ್ಬಿಯಲ್ಲಿ ಜೀವ ಇಲ್ಲ. ಇದು ಸತ್ತ ಮೊಸರು."

ಬಿಸಿ ಮಾಡಿದ ಮೊಸರು ಅನ್ನಬಹುದಿತ್ತು. ಹೆಪ್ಪಿಗಲ್ಲದ ಮೊಸರು ಅನ್ನಬಹುದಿತ್ತು. ಬಾಯಿಗೆ ಬಂದದ್ದು ಸತ್ತ ಮೊಸರು.

"ಸತ್ತಿರೋದುನ್ನ ನನ್ ಕೂಸಿಗೆ ತಿನ್ನುಸ್ದೆನಾ?" ಎಂದರು ಬೀಬಮ್ಮ. ವಿಷವಲ್ಲ, ಕೆಟ್ಟದ್ದಲ್ಲ, ಬಿಸಿ ಮಾಡಿದ್ದಕ್ಕೆ ಹೆಪ್ಪಾಗುವ ಶಕ್ತಿ ಹೋಗಿದೆ ಅಷ್ಟೇ, ಸಕ್ಕರೆ ಜಾಸ್ತಿ ಇದೆ, ಮಗುವಿಗೆ ದಿನವೂ ಊಟದ ಬದಲಿಗೆ ಕೊಡುವಂಥದ್ದಲ್ಲ ಎಂದು ನಾನು ವಿವರಿಸಿದೆ. ಅವರು ತಲೆಯಾಡಿಸಿದರು. ಆದರೆ ಅವರ ಕಿವಿಗೆ ಬಿದ್ದು ನಿಂತದ್ದು ಮೊದಲ ಮಾತೇ.

ಮಾರನೆಯ ದಿನ ನಮ್ಮ ಮನೆಯ ಹೆಪ್ಪನ್ನು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ನನ್ನ ಮದುವೆಯಾದಾಗ ಅಮ್ಮ ಮಾಗಡಿ ತಾಲ್ಲೂಕಿನ ಕೆಂಪಾಪುರದಿಂದ ಕಳಿಸಿದ್ದ ಹೆಪ್ಪದು, ಇವತ್ತಿನವರೆಗೂ ತುಂಡಾಗಿಲ್ಲ. ಎರಡು ಲೋಟಕ್ಕೆ ಹಾಲು ಹಾಕಿಸಿದೆ. ಒಂದಕ್ಕೆ ಬೀಬಮ್ಮನ ಕೈಯಿಂದಲೇ ನಮ್ಮ ಮನೆಯ ಹೆಪ್ಪು, ಇನ್ನೊಂದಕ್ಕೆ ಪುಟ್ಟು ಮೊಸರು. ಎರಡನ್ನೂ ಗೋಣಿಯ ಮೇಲೆ ಇಡಿಸಿ ಬಂದೆ. ಬರುವಾಗ ಮುಂದಿನ ಕೋಣೆಯಲ್ಲಿ ನಯಾಜ್ ಲೇತಿನ ಮೇಲೆ ಬಾಗಿದ್ದರು. ಹೋಗಿಬರುತ್ತೇನೆ ಎಂಬಂತೆ ತಲೆಯಾಡಿಸಿ ಹೊರಟೆ.

ಮುಂದಿನ ಸಲ ನಾನು ಹೋಗುವ ಹೊತ್ತಿಗೆ ಬೀಬಮ್ಮ ತಮ್ಮ ಪರೀಕ್ಷೆಯ ಫಲಿತಾಂಶವನ್ನು ಗಲ್ಲಿಗೆಲ್ಲ ಹೇಳಿಯಾಗಿತ್ತು. ಎರಡು ಲೋಟ ಹಿಡಿದುಕೊಂಡು ಬಾಗಿಲು ಬಾಗಿಲಿಗೂ ಹೋಗಿದ್ದರಂತೆ. ಒಂದನ್ನು ಬೋರಲು ಹಾಕಿದರೂ ಮೊಸರು ಬೀಳಲಿಲ್ಲ, ಇನ್ನೊಂದರಲ್ಲಿ ಗುಲಾಬಿ ಹಾಲು ತುಳುಕುತ್ತಿತ್ತು. "ನೋಡ್ರವ್ವ, ನನ್ ಕೈ ಬದುಕೈತೆ, ಡಬ್ಬಿ ಸತ್ತೈತೆ" ಎಂದು ಹೇಳಿಕೊಂಡು ಬಂದಿದ್ದರು. ಅವರ ಮುಖದ ಮೇಲೆ ಆವತ್ತು ಇದ್ದ ಬೆಳಕು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ನಾನೂ ಅಷ್ಟೇ ಸಂತೋಷಪಟ್ಟೆ. ಒಳಗೆ ಲೇತು ತಿರುಗುತ್ತಲೇ ಇತ್ತು.

ಮಗು ಒಂದೇ ದಿನಕ್ಕೆ ಬದಲಾಗಲಿಲ್ಲ. ಸಿಹಿಯಿಲ್ಲದ ಮೊಸರನ್ನು ಬಾಯಿಗಿಟ್ಟರೆ ಮುಖ ಹಿಂಡಿ ಉಗುಳುತ್ತಿದ್ದಳು. ಬೀಬಮ್ಮ ಹಠ ಬಿಡಲಿಲ್ಲ. ಮೊದಲು ಬಾಳೆಹಣ್ಣು ಕಿವುಚಿ ಮೊಸರಿಗೆ ಹಾಕಿದರು, ದಿನ ಕಳೆದಂತೆ ಹಣ್ಣು ಕಡಿಮೆ ಮಾಡಿದರು. ರಾಗಿ ಅಂಬಲಿ, ಮಸೆದ ಬೇಳೆ, ಮೊಟ್ಟೆಯ ಹಳದಿ, ಶುಕ್ರವಾರ ಒಂದು ಚೂರು ಖೀಮಾ. ಸಿರಪ್ಪನ್ನು ಹಾಲಿನ ಹೊತ್ತಿಗೆ ಕೊಡದೆ ಬೇರೆ ಹೊತ್ತಿಗೆ ಕೊಡಿ ಎಂದು ನಾನು ಹೇಳಿದ್ದನ್ನು ತಪ್ಪದೆ ನಡೆಸಿದರು. ಮಳೆಗಾಲ ಹಿಡಿಯುವ ಹೊತ್ತಿಗೆ ಜೋಯಾ ಮತ್ತೆ ನನ್ನ ಚೀಲ ಎಳೆಯತೊಡಗಿದ್ದಳು.

ಅಷ್ಟರಲ್ಲಿ ಸತ್ತ ಮೊಸರಿನ ಮಾತು ಗಲ್ಲಿ ದಾಟಿತ್ತು. ನಮ್ಮ ವ್ಯಾನಿನ ಡ್ರೈವರ್ ಶಿವಲಿಂಗ ಸಾತನೂರಿನವನು, ಮೊದಲು ತಂದು ಹೇಳಿದವನು ಅವನೇ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯವನು ಅವನನ್ನು ನೋಡಿದ ಕೂಡಲೇ, "ಏನ್ಲಾ ಶಿವಲಿಂಗ, ಇವತ್ತು ಎಷ್ಟು ಹೆಣ ತಂದಿದ್ದೀಯ?" ಎಂದು ಕೇಳಿದನಂತೆ. ಶಿವಲಿಂಗ ನನ್ನ ಹತ್ತಿರ ಬಂದು, "ಅಕ್ಕ, ನಾನು ಓಡುಸ್ತಿರೋದು ಮೊಸರು ಗಾಡಿನೋ ಹೆಣದ ಗಾಡಿನೋ ನಂಗೇ ಡೌಟು ಬತ್ತಾ ಐತೆ" ಅಂದ. ನಾನು ನಕ್ಕೆ. ಇನ್ನೆರಡು ವಾರಕ್ಕೆ ಕನಕಪುರದ ಅಂಗಡಿಗಳಿಂದ ಪೆಟ್ಟಿಗೆಗಳು ಒಡೆಯದೆ ವಾಪಸು ಬಂದವು. ಮಾಗಡಿಯಿಂದಲೂ ಬಂದವು. ಹೆಣ್ಣುಮಕ್ಕಳು ಪ್ಯಾಕು ಎತ್ತಿ ನೋಡಿ, ಇದೇ ಅಲ್ವಾ ಆ ಸತ್ತ ಮೊಸರು ಎಂದು ಇಟ್ಟುಬಿಡುತ್ತಿದ್ದರಂತೆ. ಸಕ್ಕರೆಯ ಮಾತು ಯಾರ ಬಾಯಲ್ಲೂ ಇರಲಿಲ್ಲ. ನಾನು ಹೇಳಬೇಕಾಗಿದ್ದ ಮುಖ್ಯ ವಿಷಯ ಎಲ್ಲಿಗೂ ತಲುಪಿರಲಿಲ್ಲ. ಬಾಯ್ತಪ್ಪಿ ಆಡಿದ ಪದ ಮಾತ್ರ ನಾಲ್ಕು ತಾಲ್ಲೂಕು ಸುತ್ತಿತ್ತು.

ಯಜಮಾನರು ಕರೆಸಿದರು. ಹೇಳಿದ್ದು ನಾನೇ ಎಂದು ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸುಳ್ಳು ಹೇಳಿದ್ರೆ ನಿಮ್ಮನ್ನ ಮನೆಗೆ ಕಳಿಸಿ ಸುಮ್ಮನಾಗ್ತಿದ್ದೆ. ನಿಜ ಹೇಳಿದೀರಿ, ಅದಕ್ಕೇ ಏನು ಮಾಡಬೇಕು ಅಂತ ತಿಳೀತಿಲ್ಲ" ಅಂದರು. ಅದನ್ನೇ ಅವಕಾಶ ಮಾಡಿಕೊಂಡು ನಾನು, ಸಕ್ಕರೆ ಅರ್ಧ ಮಾಡಿ, ಬಿಸಿ ಮಾಡದೆ, ಜೀವ ಇರುವ ಮೊಸರನ್ನೇ ಮಕ್ಕಳಿಗೆ ಕೊಡೋಣ ಎಂದು ಕೇಳಿದೆ. ಒಂದು ಟ್ರಯಲ್ ಬ್ಯಾಚ್ ಮಾಡಲು ಬಿಟ್ಟರು. ಹಳೆಯ ಸಿಹಿಗೆ ಒಗ್ಗಿದ್ದ ಮಕ್ಕಳು ಒಂದು ಚಮಚ ತಿಂದು ಕಪ್ಪನ್ನು ತಳ್ಳಿದರು. ಫ್ರಿಜ್ ಸರಿಯಿಲ್ಲದ ಅಂಗಡಿಗಳಲ್ಲಿ ಮೊಸರು ಹುಳಿಯಾಯಿತು. "ಎರಡನೇ ಚಮಚ ಇಲ್ಲ ಅಂದ್ರೆ ಎರಡನೇ ಪ್ಯಾಕೂ ಇಲ್ಲ ಮೇಡಮ್" ಅಂದ ಪ್ರವೀಣ್. ಅವನ ದನಿಯಲ್ಲಿ ಹಂಗಿಸುವ ಭಾವವಿರಲಿಲ್ಲ, ಅವನಿಗೂ ಬೇಸರವಾಗಿತ್ತು.

ಕೊನೆಗೆ ಆದ ತೀರ್ಮಾನ ಹೀಗಿತ್ತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಪುಟ್ಟು ಮೊಸರು ನಿಲ್ಲಿಸುವುದು. ಡಬ್ಬಿಯ ಮೇಲಿನ ಮೊಸರು ಅನ್ನುವ ಪದ ತೆಗೆದು ಪ್ರವೀಣ್ ಮೊದಲು ಬರೆದಿದ್ದ ಯೋಗರ್ಟನ್ನೇ ಹಾಕಿ ಬೆಂಗಳೂರಿನಲ್ಲಿ ಮಾರುವುದು. ಬುಗುರಿಯ ಬದಲು ಕಾರ್ಟೂನ್ ಸ್ಟಿಕ್ಕರ್. ಸಕ್ಕರೆ ಇದ್ದಷ್ಟೇ ಉಳಿಯಿತು. ಬಿಸಿ ಮಾಡುವುದೂ ಉಳಿಯಿತು. ಯೋಗರ್ಟನ್ನು ಯಾರೂ ಹೆಪ್ಪಿಗೆ ಹಾಕುವುದಿಲ್ಲವಲ್ಲ, ಹಾಗಾಗಿ ಅದು ಸತ್ತಿದೆಯೋ ಬದುಕಿದೆಯೋ ಎಂದು ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ಅದು ಚೆನ್ನಾಗಿಯೇ ಹೋಯಿತು.

ಆರ್ಡರ್ ನಿಂತದ್ದನ್ನು ನಯಾಜ್ ಅವರಿಗೆ ತಿಳಿಸಲು ನಾನೇ ಹೋಗುತ್ತೇನೆ ಎಂದೆ. ಅವರಿಗೆ ಆಗಲೇ ಫೋನು ಹೋಗಿತ್ತು. ಲೇತು ನಿಂತಿತ್ತು. ಗೋಡೆಯುದ್ದಕ್ಕೂ ಬುಗುರಿ ತುಂಬಿದ ಚೀಲಗಳು. ಬಾಯಿ ಕಟ್ಟದ ಒಂದು ಚೀಲದಿಂದ ಕೆಂಪು, ಹಳದಿ, ಹಸಿರು ಇಣುಕುತ್ತಿದ್ದವು. ಒಳಗೆ ಬೀಬಮ್ಮ ಯಾರಿಗೋ ಹೆಪ್ಪು ಕೊಡುತ್ತಾ ಜೋರಾಗಿ ಮಾತಾಡುತ್ತಿದ್ದರು. ಮಗನ ಕೆಲಸ ಹೋದದ್ದಕ್ಕೂ ತಾವು ಲೋಟ ಹಿಡಿದು ಮನೆಮನೆಗೆ ಹೋದದ್ದಕ್ಕೂ ಇರುವ ನಂಟು ಅವರಿಗೆ ತಿಳಿದಿರಲಿಲ್ಲ. ಆ ಮನೆಯಲ್ಲಿ ಯಾರೂ ಅವರಿಗೆ ಅದನ್ನು ಹೇಳಲಿಲ್ಲ.

ನಾನು ಏನೇನೋ ಹೇಳಲು ಶುರುಮಾಡಿದೆ. ನಯಾಜ್ ಸ್ಟೂಲು ಎಳೆದು ಕೊಟ್ಟರು. ದನಿ ತಗ್ಗಿಸಿ ಮಾತಾಡಿದರು.

"ನೀವು ಸುಳ್ಳು ಹೇಳ್ಲಿಲ್ಲ ಮೇಡಮ್. ನನ್ ಮಗಳು ಓಡಾಡ್ತಾವ್ಳೆ, ಅದೂ ನಿಮ್ಮಿಂದ್ಲೇ. ಆದ್ರೆ ಅಮ್ಮಂಗೆ ಹೇಳೋಕ್ ಮುಂಚೆ ನಂಗೊಂದು ಮಾತು ಹೇಳ್ಬೋದಿತ್ತು. ನಾನು ಇದೇ ರೂಮಲ್ಲೇ ಇದ್ನಲ್ಲ."

ಇದ್ದರು. ನಾನು ಹೋಗುವಾಗಲೂ ಬರುವಾಗಲೂ ಅವರನ್ನು ದಾಟಿಕೊಂಡೇ ಓಡಾಡಿದ್ದೆ. ಅವರಿಗೆ ಮೊದಲೇ ಗೊತ್ತಿದ್ದರೆ ಬೆಂಗಳೂರಿನ ಹಳೆಯ ಅಂಗಡಿಯವರಿಗೆ ಫೋನು ಮಾಡುತ್ತಿದ್ದರು. ತಾಯಿಯನ್ನೂ ಸ್ವಲ್ಪ ತಡೆಯುತ್ತಿದ್ದರೇನೋ. ಆ ಅಂಗಡಿಯವರು ಅಷ್ಟರಲ್ಲಿ ಬೇರೆಯವರನ್ನು ಹಿಡಿದಿದ್ದರು. ಬುಗುರಿಗಳಿಗೆ ಗಿರಾಕಿ ಹುಡುಕಲು ನಾನೂ ಅಲೆದೆ. ಒಂದೆರಡು ಶಾಲೆಯವರು ಸ್ವಲ್ಪ ತೆಗೆದುಕೊಂಡರು. ಉಳಿದದ್ದು ಉಳಿಯಿತು. ವರ್ಷ ತಿರುಗುವುದರೊಳಗೆ ನಯಾಜ್ ಶಾಲಾ ಮಕ್ಕಳನ್ನು ಕರೆದೊಯ್ಯುವ ಆಟೋ ಓಡಿಸತೊಡಗಿದರು.

ನಾನು ಅದೇ ಡೈರಿಯಲ್ಲಿ ಇನ್ನೂ ಕೆಲಸ ಮಾಡುತ್ತಿದ್ದೇನೆ. ನಮ್ಮ ಸಾದಾ ಮೊಸರಿನ ಪ್ಯಾಕೆಟ್ಟಿನ ಮೇಲೆ ‘ಹೆಪ್ಪು ಹಾಕಲು ಬಳಸಬಹುದು’ ಅನ್ನುವ ಒಂದು ಸಾಲು ಸೇರಿಸಲು ನಾನು ಪಟ್ಟ ಪಾಡು ಬೇರೆ ಕಥೆ. ಸೇರಿಸಿದರು. ಗೆದ್ದದ್ದು ಎಂದರೆ ಅಷ್ಟು. ಮಕ್ಕಳ ತಿನಿಸಿನ ವಿಷಯದಲ್ಲಿ ತಾಯಂದಿರು ಈಗ ಏನಾದರೂ ಕೇಳಿದರೆ ಮೊದಲು ಸಕ್ಕರೆಯ ಮಾತು ಹೇಳುತ್ತೇನೆ, ಪದ ಹುಡುಕಿ ಹುಡುಕಿ ಹೇಳುತ್ತೇನೆ. ನಿಜವನ್ನು ಹೇಳಲೇಬೇಕು, ಅದರಲ್ಲಿ ನನಗೆ ಈಗಲೂ ಎರಡು ಮನಸ್ಸಿಲ್ಲ. ಆದರೆ ಅದು ಯಾರ ಯಾರ ಮನೆಯನ್ನು ಹಾದು ಹೋಗುತ್ತದೆ ಎಂದು ಒಮ್ಮೆ ನೋಡಿಕೊಂಡು, ಅಲ್ಲಿ ಮೊದಲು ಬಾಗಿಲು ತಟ್ಟಬೇಕು. ಇದನ್ನು ಓದಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಒಬ್ಬರ ಲೇತು ನಿಂತ ಮೇಲೆ ತಿಳಿಯಿತು.

ಈಚೆಗೆ ತಂಗಿಯ ಮಗಳಿಗೆ ಮಗುವಾಗಿ, ದೊಡ್ಡಮಳೂರಿನ ದೇವಸ್ಥಾನದಲ್ಲಿ ತೊಟ್ಟಿಲು ಒಪ್ಪಿಸುವ ಹರಕೆಗೆ ಅವರ ಜೊತೆ ಹೋಗಿದ್ದೆ. ವಾಪಸು ಬರುವಾಗ ಚನ್ನಪಟ್ಟಣದಲ್ಲಿ ಒಬ್ಬಳೇ ಇಳಿದುಕೊಂಡೆ. ನಯಾಜ್ ಆಟೋ ತೆಗೆದುಕೊಂಡು ಹೋಗಿದ್ದರು. ಬೀಬಮ್ಮನಿಗೆ ಕಣ್ಣು ಇನ್ನಷ್ಟು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದರು. "ಬಂದ್ಯಾ ಜಯಮ್ಮ, ಕುತ್ಗೆ ಕಾರ್ಡು ಐತಾ, ಕಳ್ದೋಯ್ತಾ?" ಎಂದು ಕೇಳಿದರು. ಈ ಗಲ್ಲಿಯ ಎಲ್ಲ ಮನೆಯಲ್ಲೂ ಈಗ ನಿನ್ನ ಹೆಪ್ಪೇ ಇರೋದು ಎಂದು ಹೇಳಿ ನಕ್ಕರು. ನನ್ನ ಅಮ್ಮನ ಹೆಪ್ಪು ಚನ್ನಪಟ್ಟಣದ ಒಂದು ಗಲ್ಲಿಯಲ್ಲಿ ಮನೆಯಿಂದ ಮನೆಗೆ ಓಡಾಡುತ್ತಿದೆ. ಸಂತೋಷಪಡಬೇಕಾದದ್ದೇ.

ಜೋಯಾ ಶಾಲೆಯ ಸಮವಸ್ತ್ರದಲ್ಲಿದ್ದಳು, ಕೆನ್ನೆ ತುಂಬಿತ್ತು. ನನ್ನ ಗುರುತು ಅವಳಿಗೆ ಇರಲಿಲ್ಲ. ದೊಡ್ಡವರ ಹಾಗೆ ಲೋಟದಲ್ಲಿ ಮಜ್ಜಿಗೆ ತಂದು ಕೊಟ್ಟಳು. ಹುಳಿ ಹದವಾಗಿತ್ತು. ಕುಡಿಯುತ್ತಾ ಅಡುಗೆಮನೆಯ ಹಿಂದಿನ ಮೂಲೆ ನೋಡಿದೆ. ಗೋಣಿ ಇರಲಿಲ್ಲ, ಪಾತ್ರೆಯೂ ಇರಲಿಲ್ಲ. ಮೊಸರಿನ ಪಾತ್ರೆ ಎಲ್ಲಿಡ್ತೀರಮ್ಮ ಈಗ ಎಂದು ಮಗುವನ್ನು ಕೇಳಿದೆ.

ಅವಳು ನನ್ನ ಕೈ ಹಿಡಿದು ಮುಂದಿನ ಕೋಣೆಗೆ ಕರೆದುಕೊಂಡು ಹೋದಳು. ಲೇತಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಅದರ ನಡುವೆ, ತಟ್ಟೆ ಮುಚ್ಚಿದ ಪಾತ್ರೆ.

"ಇಲ್ಲೇ ಇಡೋದು ಆಂಟಿ" ಅಂದಳು ಜೋಯಾ. "ಇದು ಅಲ್ಲಾಡೋದೇ ಇಲ್ಲ."